ಕಾಕಾನ ಮಾತು, ಗಂಗಿಯ ಕಿವಿ

ನಮ್ಮ ಕಾಕಾ ಮದುವೆಯಾದಾಗಿನಿಂದ ಕಾಕುವಿನ ಜೊತೆ ಒಂದೇ ಒಂದು ಮಾತೂ ಆಡಿರಲಿಲ್ಲ. ಜಗಳವೇ? ಛೇ, ಛೇ! ಹೇಳಬೇಕಾದ್ದನ್ನೆಲ್ಲ ಅವರು ಆಡಿಗೆ ಹೇಳುತ್ತಾರೆ, ಅಷ್ಟೇ.

ಬಿಜ್ಜರಗಿ ಹಳ್ಳಿಯ ಅವರ ಮನೆಯಲ್ಲಿ ಆಗ ಹಿರಿಯರು ತುಂಬಿದ್ದರಂತೆ. ಹೊಸ ಮದುಮಗ ಅವರೆದುರು ಹೆಂಡತಿಯನ್ನು ಮಾತಾಡಿಸುವಂತಿಲ್ಲ. ಕಾಕಾ ಅಂಗಳದ ಆಡಿಗೆ ಹೇಳಿದರು, ಕಾಕು ಅಡುಗೆಮನೆಯಿಂದ ಕೇಳಿಸಿಕೊಂಡರು. ಆಮೇಲೆ ಹಿರಿಯರು ಒಬ್ಬೊಬ್ಬರಾಗಿ ಹೋದರು, ಆಡುಗಳೂ ಎಷ್ಟೋ ತಲೆಮಾರು ದಾಟಿದವು. ರೂಢಿ ಮಾತ್ರ ಗೂಟ ಬಿಟ್ಟು ಕದಲಲಿಲ್ಲ. ಈಗಿನ ಆಡಿನ ಹೆಸರು ಗಂಗಿ.

“ಗಂಗೀ, ಚಾದಾಗ ಸಕ್ರಿ ಇಲ್ಲಂತ ಹೇಳಬೇ!” ಎಂದು ಕಾಕಾ ಕಟ್ಟೆಯಿಂದ ಕೂಗಿದರೆ, “ಡಾಕ್ಟರ್ ಏನ್ ಹೇಳ್ಯಾರಂತ ಅವರಿಗೆ ನೆನಪು ಮಾಡಬೇ, ಗಂಗೀ!” ಎಂದು ಒಳಗಿನಿಂದ ಉತ್ತರ. ಗಂಗಿ ಯಾರ ಪಕ್ಷವನ್ನೂ ವಹಿಸದೆ ಮೆಲುಕು ಹಾಕುತ್ತದೆ.

ನಾನು ದಿನಚರಿ ಬರೆಯುವವಳು. ಒಮ್ಮೆ ರಜೆಗೆ ಹೋದಾಗ ಅವರಿಬ್ಬರ ನೇರ ಮಾತುಗಳಿಗೆಂದೇ ಒಂದು ಪುಟ ತೆಗೆದಿಟ್ಟೆ. ರಜೆ ಮುಗಿದರೂ ಅದು ಖಾಲಿ! ಇದೂ ಒಂದು ಪ್ರೀತಿಯೇ? ಎಂದು ಮೂಗು ಮುರಿದಿದ್ದೆ.

ಈ ವರ್ಷ ಕಾಕುವಿನ ಮೊಣಕಾಲಿನ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಹಳ್ಳಿಗೆ ಕಳಿಸದೆ, ಪಟ್ಟಣದ ಅಥಣಿ ರಸ್ತೆಯ ನಮ್ಮ ಮನೆಗೇ ಕರೆತಂದೆವು. ನಡೆದಾಡದಿದ್ದರೆ ಕಾಲು ಹಾಗೇ ಬಿಗಿದುಬಿಡುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಕಾಕುವಿಗೆ ಅದಕ್ಕಿಂತ ಬೀಳುವ ಹೆದರಿಕೆಯೇ ಹೆಚ್ಚು. ಮಂಚ ಬಿಟ್ಟು ಏಳಲೊಲ್ಲರು. ಕಾಕಾನನ್ನು ಕರೆಸಿದೆವು. ಪಾಪ, ಇಲ್ಲಿ ಆಡು ಎಲ್ಲಿಂದ ಬರಬೇಕು? ಫ್ರಿಜ್ಜಿನ ಮುಂದೆ ನಿಂತು, “ಒಂದೀಟು ಎದ್ದು ಅಡ್ಡಾಡಂತ ಹೇಳಪಾ,” ಎಂದರು. ಫ್ರಿಜ್ಜು ಗುರ್ ಎಂದಿತು. ಕಾಕು ಗೋಡೆಯ ಕಡೆ ಹೊರಳಿದರು.

“ಕಾಕಾ, ಒಮ್ಮೆ ನೀವೇ ಹೇಳ್ರಿ. ಅವರು ನಿಮ್ಮ ಹೆಂಡ್ತಿ ಅದಾರ, ಕಲೆಕ್ಟರ್ ಅಲ್ಲ!” ಎಂದು ನಾನೇ ಅವರನ್ನು ಮಂಚದವರೆಗೆ ತಳ್ಳಿಕೊಂಡು ಹೋದೆ.

ಕಾಕಾ ಟೊಪ್ಪಿಗೆ ತೆಗೆದರು. ಬೆವರೊರೆಸಿಕೊಂಡರು. “ನೀ... ನೀ ಆರಾಮ ಆಗ್ತಿ,” ಎಂದರು.

ಕಾಕು ಹೋ ಎಂದು ಅಳತೊಡಗಿದರು! “ಯಪ್ಪಾ, ನನ್ನ ಕತಿ ಮುಗೀತು! ಡಾಕ್ಟರ್ ಏನೋ ಕೆಟ್ಟದ್ದು ಹೇಳ್ಯಾರ. ಇಲ್ಲಂದ್ರ ಇವರ್ಯಾಕ ನನ್ನ ಕೂಡ ಮಾತಾಡತಾರ?”

ಮರುದಿನ ಬೆಳಿಗ್ಗೆ ಕಾಕಾ ನಾಪತ್ತೆ. ಸಂಜೆ ಗೇಟಿನೆದುರು ಒಂದು ಟಂಟಂ ಆಟೋ ಬಂದು ನಿಂತಿತು. ಮೊದಲು ಕಾಕಾ ಇಳಿದರು, ಹಿಂದೆ ಗಂಗಿ!

ಗಂಗಿಯನ್ನು ಗೇಟಿಗೆ ಕಟ್ಟಿ, ಬಡಾವಣೆಗೆಲ್ಲ ಕೇಳುವಂತೆ ಕೂಗಿದರು: “ಗಂಗೀ, ಮನಿ ಬಿಕೋ ಅಂತೈತಿ, ಲಗೂನ ನಡ್ಯಾಕ ಕಲಿ ಅಂತ ಹೇಳಬೇ!”

ಒಳಗೆ ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಕಾಕು ಹೊಸ್ತಿಲಿಗೆ ಬಂದರು.

“ಬಿದ್ದರ ಯಾರು ಹಿಡೀತಾರಂತ ಕೇಳಬೇ, ಗಂಗೀ.”

“ನಾ ಇಲ್ಲೇ ಅದೀನಿ ಅಂತ ಹೇಳಬೇ.”

ಕಾಕಾ ಹೊಸ್ತಿಲ ಬಳಿ ಬಂದು ನಿಂತರೂ ಮುಖ ಗೇಟಿನ ಕಡೆಗೇ ಇತ್ತು. ಒಂದು ಕೈ ಮಾತ್ರ ಹಿಂದಕ್ಕೆ ಚಾಚಿತ್ತು. ಕಾಕು ಅದನ್ನು ಹಿಡಿದರು. ಗಂಗಿಗೆ ಅದು ಇದು ಹೇಳುತ್ತ ಇಬ್ಬರೂ ಅಂಗಳದಲ್ಲಿ ನಿಧಾನಕ್ಕೆ ಒಂದು ಸುತ್ತು ಬಂದರು, ಮತ್ತೊಂದು ಸುತ್ತಿಗೂ ಹೊರಟರು.

ಗಂಗಿ ಯಾವಾಗಲೋ ಹಗ್ಗ ಜಾರಿಸಿಕೊಂಡು ಹೋಗಿ ಎದುರುಮನೆಯ ದಾಸವಾಳ ಮೇಯುತ್ತಿತ್ತು. ನಾನು ಅದನ್ನು ಅವರಿಬ್ಬರಿಗೂ ಹೇಳಲಿಲ್ಲ.