ಇಂಗ್ಲಿಷ್ ತಿಳಿಯುವ ನಾಯಿಯೊಡನೆ ಸವಣೂರಿಗೆ

ಸಂಶಯಪಡುವುದು ನನ್ನ ಹುಟ್ಟುಗುಣ. ಹಾಲಿನವಳು ನಕ್ಕರೆ ಹಾಲಿಗೆ ನೀರು ಹೆಚ್ಚು ಬಿದ್ದಿದೆ ಎಂದೂ, ಹೆಡ್‌ಮಾಸ್ತರರು ನಕ್ಕರೆ ನನಗೆ ವರ್ಗವಾಗಿದೆ ಎಂದೂ ತಿಳಿಯುವವನು ನಾನು. ನಲವತ್ತೆರಡರ ದೀಪಾವಳಿ ಸೂಟಿಯಲ್ಲಿ ಹಾನಗಲ್ಲಿನಿಂದ ಸವಣೂರಿಗೆ, ಮಾವನ ಮನೆಗೆ ಹೊರಟಾಗ ನಾಯಿಯನ್ನು ಬಿಟ್ಟು ಹೋಗಲಾಗದ್ದೂ ಇದೇ ಗುಣದಿಂದ. "ನಾವು ನೋಡ್ಕೋತೀವ್ರಿ ಮಾಸ್ತರ, ಚಿಂತಿ ಬಿಡ್ರಿ" ಎಂದು ನೆರೆಮನೆಯವರು ಒಂದೇ ಮಾತಿಗೆ ಒಪ್ಪಿದ್ದರು. ಅಷ್ಟು ಸುಲಭವಾಗಿ ಒಪ್ಪಿದವರು ನಾಯಿಗೆ ಅನ್ನ ಹಾಕುತ್ತಾರೆಂದು ನಂಬುವುದು ಹೇಗೆ? ಹೆಂಡತಿ ಎಂಟು ದಿನ ಮೊದಲೇ ತವರಿಗೆ ಹೋಗಿದ್ದಳು. ಬೇಡವೆನ್ನುವವರೂ ಮನೆಯಲ್ಲಿರಲಿಲ್ಲ.

ಅದು ಓಣಿಯ ನಾಯಿಯಾಗಿದ್ದರೆ ಮುಂದಿನ ಫಜೀತಿ ಆಗುತ್ತಿರಲಿಲ್ಲ. ವರ್ಗವಾಗಿ ಹೋದ ಬಿಳಿಯ ಸಾಹೇಬರೊಬ್ಬರು ಬಿಟ್ಟುಹೋದದ್ದು ಅದು. ಜೋಲುಕಿವಿ, ಕಂದುಮೈ, ಹೆಸರು ಟಾಮಿ. ಕಚ್ಚುವುದಿರಲಿ, ಬೊಗಳುವುದಕ್ಕೂ ಅದಕ್ಕೆ ಸಂಕೋಚ. ಒಂದೇ ಕೊರತೆಯೆಂದರೆ ಕನ್ನಡ ತಿಳಿಯದು. "ಕೂಡು" ಎಂದು ಎಷ್ಟು ಕೂಗಿದರೂ ನಿಂತೇ ಇರುತ್ತಿತ್ತು. "ಸಿಟ್" ಎಂದರೆ ತಟ್ಟನೆ ಕೂಡುತ್ತಿತ್ತು. ನನ್ನ ಶಾಲೆಯ ಹುಡುಗರಿಗೆ ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುತ್ತಿರಲಿಲ್ಲವಾದ್ದರಿಂದ, ಟಾಮಿಯ ಮೇಲೆ ನನಗೆ ಒಳಗೊಳಗೇ ಗೌರವವಿತ್ತು.

ಅದು ಚಲೇಜಾವ್ ಚಳವಳಿಯ ವರ್ಷ. ಎಲ್ಲೋ ತಂತಿ ಕಡಿದರು, ಎಲ್ಲೋ ಚಾವಡಿ ಸುಟ್ಟರು ಎಂಬ ಸುದ್ದಿ ದಿನವೂ ಬರುತ್ತಿತ್ತು. ನಾನು ಮೋಟಾರು ಹತ್ತಿದಾಗ ಒಳಗೆಲ್ಲ ಅದೇ ಮಾತು, ಅದೇ ಗದ್ದಲ. ಮೈಮೇಲೆ ನನ್ನ ಹಳೆಯ ಖಾಕಿ ಕೋಟು, ಕೈಯಲ್ಲಿ ವಿಲಾಯತಿ ನಾಯಿ. ಸೀಟಿನಲ್ಲಿ ಕುಳಿತು "ಟಾಮಿ, ಸಿಟ್!" ಎಂದೆ. ಟಾಮಿ ಕುಳಿತಿತು. ಅದರೊಡನೆ ಇಡೀ ಮೋಟಾರೇ ಗಪ್ಪಾಯಿತು. ಕಂಡಕ್ಟರನಂತೂ ನಾಯಿಯನ್ನು ಯಾಕೆ ತಂದಿರೆಂದು ಕೇಳಲೇ ಇಲ್ಲ. ಅವರೆಲ್ಲ ನನ್ನನ್ನು ಸಿಐಡಿ ಎಂದು ತಿಳಿದಿದ್ದಾರೆಂಬುದು ಹೊಳೆಯಲು ನನಗೆ ಎರಡು ಮೈಲು ಬೇಕಾಯಿತು.

ಮಗ್ಗುಲಲ್ಲಿ ಒಬ್ಬ ಮುದುಕ, ತೊಡೆಯ ಮೇಲೆ ದೊಡ್ಡದೊಂದು ಬಟ್ಟೆಯ ಗಂಟು ಇಟ್ಟುಕೊಂಡು ಕುಳಿತಿದ್ದ. ಟಾಮಿ ಆ ಗಂಟನ್ನು ಮೂಸಿತು, ಸುತ್ತಲೂ ಮೂಸಿತು, ಕೊನೆಗೆ ಅದರ ಮೇಲೆ ಗದ್ದವಿಟ್ಟು ನಿಂತುಬಿಟ್ಟಿತು. ತಂಪು ಹೊತ್ತಿನಲ್ಲಿಯೂ ಮುದುಕನ ಹಣೆಯ ಮೇಲೆ ಬೆವರು.

"ಎಲ್ಲಿಗೆ ಹೊಂಟೀರಿ, ಯಜಮಾನ್ರ?" ಎಂದೆ.

"ಇಲ್ಲೇ... ಮುಂದ ಇಳೀತೇನ್ರಿ ಸಾಹೇಬ್ರ."

ಊರಿನ ಹೆಸರು ಹೇಳಲಿಲ್ಲ. ಸಾಹೇಬರೆಂದು ಕರೆದ. ನನಗೆ ಖಾತ್ರಿಯಾಯಿತು: ಗಂಟಿನಲ್ಲಿರುವುದು ಚಳವಳಿಯ ಕರಪತ್ರ. ನಾನು ಸರಕಾರಿ ಶಾಲೆಯ ಮಾಸ್ತರ. ಇವನ ಮಗ್ಗುಲಲ್ಲಿ ಸಿಕ್ಕರೆ ನೌಕರಿ ಹೋಯಿತೆಂದೇ ಅರ್ಥ. ಬೇರೆ ಕಡೆ ಕೂಡೋಣವೆಂದರೆ ಖಾಲಿ ಸೀಟಿಲ್ಲ. "ಟಾಮಿ, ಕಮ್" ಎಂದರೆ ಆ ದಿನ ಟಾಮಿ ಇಂಗ್ಲಿಷನ್ನೂ ಮರೆತಿತ್ತು.

ಶಿಗ್ಗಾವಿಯಲ್ಲಿ ಪೊಲೀಸನೊಬ್ಬ ಮೋಟಾರು ಹತ್ತಿ ಒಬ್ಬೊಬ್ಬರ ಸಾಮಾನು ನೋಡುತ್ತ ನಮ್ಮ ಹತ್ತಿರ ಬಂದ.

"ಗಂಟಿನ್ಯಾಗ ಏನೈತಿ?"

ಮುದುಕ "ಅದು... ಅದು..." ಎಂದ. ಗಂಟನ್ನು ಎರಡೂ ಕೈಯಿಂದ ಕೂಸಿನಂತೆ ತಬ್ಬಿಕೊಂಡ. ಪೊಲೀಸ ಕೈ ಚಾಚಿದವನು ಟಾಮಿಯನ್ನು ಕಂಡು ತಡೆದ.

"ಯಾರದಿದು ನಾಯಿ? ಕಡಿತೈತೇನು?"

"ಇಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು, ನನ್ನ ನೌಕರಿಗೆ ಕ್ಷೇಮವೂ ಆಗಿತ್ತು. ಆದರೆ ಗಂಟನ್ನು ತಬ್ಬಿದ ಆ ಕೈಗಳನ್ನು ನೋಡಿದ್ದೆನಲ್ಲ, ನನ್ನ ಬಾಯಿಂದ ಏನು ಬಂತೆಂದರೆ, "ಕಡಿತೈತ್ರಿ. ಹ್ವಾದ ವಾರ ಟಪಾಲಿನವಂಗ ಕಡದೈತಿ. ಒಮ್ಮೆ ಹಿಡೀತಂದ್ರ ಬಿಡೂದಿಲ್ರಿ."

ಅದೇ ಹೊತ್ತಿಗೆ ಟಾಮಿ ಬಾಯಿ ತುಂಬ ಆಕಳಿಸಿತು. ಹಲ್ಲುಗಳೆಲ್ಲ ಕಂಡವು. ಪೊಲೀಸ ಹಿಂದೆ ಸರಿದು, "ಹೋಗ್ರಿ, ಹೋಗ್ರಿ" ಎನ್ನುತ್ತ ಇಳಿದುಹೋದ.

ಮೋಟಾರು ಊರು ದಾಟಿದ ಮೇಲೆ ಮುದುಕ ಗಂಟು ಸಡಲಿಸಿದ. ಮೇಲಿನಿಂದ ಕೆಳಗಿನವರೆಗೂ ಕರ್ಜಿಕಾಯಿ, ಚಕ್ಕುಲಿ!

"ಇಷ್ಟಕ್ಕ ಯಾಕ ಹೆದರಿದ್ರಿ?" ಎಂದೆ.

ಅವನು ನನ್ನ ಕಿವಿಯ ಹತ್ತಿರ ಬಂದ. "ಮಗ ಮನಿ ಬಿಟ್ಟು ಮೂರು ತಿಂಗಳಾತ್ರಿ. ಪೊಲೀಸ್ರು ಹುಡುಕಾಕತ್ತಾರ. ಇಲ್ಲೇ ಒಂದು ಹೊಲದಾಗ ಅದಾನ. ಹಬ್ಬ ಅಂತ ಅವರವ್ವ ಕಟ್ಟಿಕೊಟ್ಟಾಳ. ಇಷ್ಟೆಲ್ಲ ಯಾರಿಗೆ ಒಯ್ತಿ ಅಂತ ಕೇಳಿದ್ರ, ನನಗ ಸುಳ್ಳು ಹೇಳಾಕ ಬರೂದಿಲ್ರಿ."

ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವನು ಕೂಗಿ ಮೋಟಾರು ನಿಲ್ಲಿಸಿ ಎದ್ದ. ಟಾಮಿಗೆ ಒಂದು ಕರ್ಜಿಕಾಯಿ ಕೊಟ್ಟ. "ನಿಮ್ಮ ನಾಯಿ ಭಾಳ ಧೈರ್ಯದ್ದು ನೋಡ್ರಿ" ಎಂದು ಅದರ ತಲೆ ಸವರಿ, ಜೋಳದ ಹೊಲದ ನಡುವಿನ ಕಾಲುದಾರಿ ಹಿಡಿದ. ನನಗೆ ಒಂದು ಚಕ್ಕುಲಿಯನ್ನೂ ಕೊಡಲಿಲ್ಲ.

ಸವಣೂರು ಮುಟ್ಟಿದ ಕೂಡಲೇ ಹೆಂಡತಿಯನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿದೆ. ನನ್ನ ಜೀವಮಾನದ ಒಂದೇ ಶೌರ್ಯ. ಸ್ವಲ್ಪ ಹೊಗಳಿಕೆ ನಿರೀಕ್ಷಿಸಿದ್ದರೆ ತಪ್ಪಲ್ಲ. ಅವಳು ಪೂರ್ತಿ ಕೇಳಿ, ಸೊಂಟದ ಮೇಲೆ ಕೈಯಿಟ್ಟಳು.

"ಪೊಲೀಸನ ಮುಂದ, ಕಣ್ಣಾಗ ಕಣ್ಣಿಟ್ಟು ಸುಳ್ಳು ಹೇಳಿದ್ರಿ?"

"ಹೂಂ" ಎಂದೆ, ಎದೆಯುಬ್ಬಿಸಿ.

"ಟಪಾಲಿನವಂಗ ಕಡದೈತಿ ಅಂತ ಅಲ್ಲೇ ನಿಂತು ಹುಟ್ಟಿಸಿದ್ರಿ?"

"ಹೂಂ."

"ಹಂಗಾರ ಹ್ವಾದ ವರ್ಷ ಇನ್‌ಸ್ಪೆಕ್ಷನ್ ಐತಿ ಅಂತ ನಮ್ಮ ತಂಗಿ ಮದುವಿಗೆ ಬರಲಿಲ್ಲಲ್ಲ, ಅದು ಖರೇನೇನು?"

ಆ ಸೂಟಿಯ ಉಳಿದ ದಿನಗಳನ್ನು ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ಕಳೆದೆ. ಅವಳ ಮುಂದೆ ಯಾವ ನಾಯಿಯ ಹೆದರಿಕೆಯೂ ನಡೆಯಲಿಲ್ಲ.