ತಿಪ್ಪಮ್ಮನ ಗಂಟಿಲ್ಲದ ಮುದ್ದೆ

ಕೃತಕ ಕೈಯನ್ನು ಬಳಸಲು ಚೆನ್ನಾಗಿ ಕಲಿತವರಿಗೆ ಮಾತ್ರ ಕೃತಕ ಕೈ ಕೊಡತಕ್ಕದ್ದು ಎಂಬುದು ತುಮಕೂರಿನ ಮರಳೂರಿನಲ್ಲಿರುವ ತರಬೇತಿ ಕೇಂದ್ರದ ಒಂದನೆಯ ನಿಯಮ. ಕೈ ಇಲ್ಲದೆ ಕಲಿಯುವುದು ಹೇಗೆಂದು ಯಾರೂ ಕೇಳಬಾರದೆಂದೇ ಕೇಂದ್ರವು ವಿ.ಆರ್. ಕನ್ನಡಕ ತರಿಸಿತ್ತು. ಅದನ್ನು ಹಾಕಿಕೊಂಡರೆ ಇಲ್ಲದ ಕೈ ಕಾಣುತ್ತಿತ್ತು. ಭುಜ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತಿತ್ತು.

ಗುಬ್ಬಿ ಕಡೆಯ ತಿಪ್ಪಮ್ಮ ತೆಂಗಿನ ನಾರಿನ ಮಿಲ್ಲಿನಲ್ಲಿ ಬಲಗೈ ಕಳೆದುಕೊಂಡು ಎರಡು ವರ್ಷವಾಗಿತ್ತು. ಆಕೆಗೆ ಬೇಕಾಗಿದ್ದು ಒಂದೇ: ತನ್ನ ಒಲೆಯ ಮುಂದೆ ಕೂತು ತಾನೇ ಮುದ್ದೆ ತಿರುವಬೇಕು. ಕೋಲು ಹಿಡಿಯಲು ಎರಡು ಕೈಯೂ ಬೇಕಲ್ಲ. ಗಂಡ ಲಕ್ಷ್ಮೀನರಸಿಂಹಯ್ಯ ತಿರುವಿದ ಮುದ್ದೆಯಲ್ಲಿ ಗಂಟೇ ಜಾಸ್ತಿ. ಅದನ್ನು ನುಂಗುವಾಗಲೆಲ್ಲ ಆಕೆಗೆ ಸಂಕಟವಾಗುತ್ತಿತ್ತು.

ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿ ತಿಪ್ಪಮ್ಮ ಕನ್ನಡಕದೊಳಗೆ ನಾನೂರು ಮುದ್ದೆ ತಿರುವಿದಳು. ಪರೀಕ್ಷೆಯ ದಿನ ಅಧಿಕಾರಿ ಏಕಾಂತಯ್ಯನವರು ತಾವೂ ಒಂದು ಕನ್ನಡಕ ಏರಿಸಿ, ಎರಡು ಮುದ್ದೆ ನುಂಗಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಒಂದು ಗಂಟಿಲ್ಲ ಕಣಮ್ಮ! ನೂರಕ್ಕೆ ನೂರು."

"ಹಂಗಾರೆ ಕೈ ಯಾವಾಗ ಕೊಡ್ತೀರಾ ಸಾ?"

ಏಕಾಂತಯ್ಯನವರು ಏಳನೆಯ ನಿಯಮ ಓದಿದರು: 'ಎರಡು ಕೈಯ ಕೆಲಸವನ್ನು ಲೋಪವಿಲ್ಲದೆ ನಿರ್ವಹಿಸುವವರನ್ನು ಕೈ ಉಳ್ಳವರೆಂದು ಪರಿಗಣಿಸತಕ್ಕದ್ದು. ಅಂಥವರು ಕೃತಕ ಕೈಗೆ ಅರ್ಹರಲ್ಲ.'

"ಗಂಟು ಬಂದಿದ್ರೆ?"

"ಆಗ ಒಂದನೇ ನಿಯಮ. ಕಲಿತಿಲ್ಲ ಅಂತ ಕೊಡ್ತಿರಲಿಲ್ಲ."

ತಿಪ್ಪಮ್ಮನಿಗೆ ಅಳು ಒತ್ತರಿಸಿ ಬಂತು. "ಮತ್ತೆ ಮನೇಲಿ ಏನ್ ಉಣ್ಣಾನ ಸಾ?"

ಅಧಿಕಾರಿಗಳು ಕರಗಿಹೋದರು. ಊಟದ ವೇಳೆ ಮಾತ್ರ ಬಳಸತಕ್ಕದ್ದು ಎಂಬ ಷರತ್ತಿನ ಮೇಲೆ ಕನ್ನಡಕವನ್ನೇ ಮನೆಗೆ ಕೊಟ್ಟು ಕಳಿಸಿದರು.

ತಿಂಗಳಾದ ಮೇಲೆ ಏಕಾಂತಯ್ಯನವರು ತಪಾಸಣೆಗೆ ಬಂದಾಗ ಊಟದ ಹೊತ್ತು. ಲಕ್ಷ್ಮೀನರಸಿಂಹಯ್ಯ ತಾನು ತಿರುವಿದ ಮುದ್ದೆಯನ್ನು ತಟ್ಟೆಗೆ ಹಾಕಿ, ಕನ್ನಡಕವನ್ನು ಸಾಹೇಬರ ಮೂಗಿಗೆ ಏರಿಸಿದ. ಕನ್ನಡಕದೊಳಗಿಂದ ತಟ್ಟೆಯಲ್ಲಿ ಈಗ ಕಾಣುತ್ತಿದ್ದುದು ತಿಪ್ಪಮ್ಮ ತಿರುವಿದ ನುಣ್ಣನೆಯ ಮುದ್ದೆ. ಮೊದಲ ತುತ್ತೇ ಗಂಟಲಲ್ಲಿ ಸಿಕ್ಕಿಕೊಂಡಿತು. ತಿಪ್ಪಮ್ಮ ಎಡಗೈಯಲ್ಲಿ ನೀರು ಕೊಟ್ಟಳು.

"ಗಂಟಾ ಸಾ?"

"ಎಲ್ಲಿದೆಯಮ್ಮಾ? ನಂಗೇನೂ ಕಾಣ್ತಿಲ್ವಲ್ಲ," ಎಂದು ಕೆಮ್ಮುತ್ತಲೇ ಏಕಾಂತಯ್ಯನವರು 'ಗಂಟು ಕಂಡುಬಂದಿಲ್ಲ' ಎಂದು ಬರೆದು ರುಜು ಹಾಕಿದರು.

"ಕೇಳಿಸ್ತೇನೇ?" ಎಂದು ಲಕ್ಷ್ಮೀನರಸಿಂಹಯ್ಯ ಬೀಗಿದ.

ತಿಪ್ಪಮ್ಮ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು. ಬಲಗೈ ಬಂತು. ಆ ಕೈಯಲ್ಲಿ ಮುದ್ದೆ ಮುರಿದಳು, ಎಡಗೈಯಲ್ಲಿ ಬಾಯಿಗಿಟ್ಟು ನುಂಗಿದಳು, ನೀರು ಕುಡಿದಳು.

"ಸುಮ್ಕಿರು," ಎಂದಳು ಗಂಡನಿಗೆ. "ಇದು ನಾನ್ ತಿರುವಿದ್ದು."