ಆಶಿಲ್‌ನ ಮೊಣಕಾಲು, ಐಫೆಲ್‌ನ ಗೋಪುರ

ಆಶಿಲ್ ಬುರ್ದೆಯ ಸಕಲ ಕಷ್ಟಗಳಿಗೂ ಅವನ ಮೊಣಕಾಲುಗಳೇ ಮೂಲ. ಐಫೆಲ್ ಗೋಪುರದ ತುದಿಯಲ್ಲಿದ್ದ ಉಷ್ಣಮಾಪಕವನ್ನು ದಿನಾ ಬೆಳಿಗ್ಗೆ ನೋಡಿ ಬರೆದುಕೊಂಡು ಬರುವುದು ಅವನ ಕೆಲಸ. ಚಳಿಗಾಲದಲ್ಲಿ ಲಿಫ್ಟ್ ಬಂದ್. ಮೆಟ್ಟಿಲುಗಳೋ, ಸಾವಿರದ ಏಳುನೂರು ಚಿಲ್ಲರೆ.

ಆದರೆ ಕೊನೆಗೂ ದೇವರು ಕಣ್ಣು ಬಿಟ್ಟಿದ್ದ. ಗೋಪುರ ನಿಲ್ಲಲು ಕೊಟ್ಟಿದ್ದ ಇಪ್ಪತ್ತು ವರ್ಷದ ಪರವಾನಗಿ ಮುಗಿಯುತ್ತ ಬಂದಿತ್ತು. ಅದರಿಂದ ವಿಜ್ಞಾನಕ್ಕೇನಾದರೂ ಉಪಯೋಗವಿದೆಯೇ, ಇಲ್ಲ ಬಿಚ್ಚಿ ಗುಜರಿಗೆ ಹಾಕುವುದೇ ಎಂದು ನೋಡಲು ಅಂದು ಪ್ರೊಫೆಸರ್ ಲವೇರ್ನ್ ಬರುವವರಿದ್ದರು. ಗುಜರಿಗೆ ಹೋದರೆ ಆಶಿಲ್‌ಗೆ ಹವಾಮಾನ ಕಚೇರಿಯ ಒಲೆಯ ಪಕ್ಕದ ಕುರ್ಚಿ ಖಾತ್ರಿ.

ಅಂದು ದಟ್ಟ ಮಂಜು. ಆಶಿಲ್ ಹತ್ತಲೇ ಇಲ್ಲ. ಗೋಪುರದ ಬುಡದಲ್ಲಿದ್ದ ಮದಾಮ್ ಪೆಲಾಜಿಯ ಕಾಫಿ ಅಂಗಡಿಯಲ್ಲಿ ಕುಳಿತು, ಕಾಫಿಗೆ ಬ್ರಾಂದಿ ಬೆರೆಸಿಕೊಂಡು, ಪುಸ್ತಕದಲ್ಲಿ ಬರೆದ: ನೆಲದಲ್ಲಿ ಸೊನ್ನೆ ಡಿಗ್ರಿ, ತುದಿಯಲ್ಲಿ ನಾಲ್ಕು.

ಪೆಲಾಜಿ ಹೆಗಲ ಮೇಲಿಂದ ಇಣುಕಿದಳು. "ಮೇಲೆ ಹೋದಷ್ಟೂ ಚಳಿ ಜಾಸ್ತಿ ಅಲ್ವೇನ್ರೀ? ತಲೆಗಿಲೆ ಕೆಟ್ಟಿದ್ಯಾ?"

"ಅದಕ್ಕೇ ಬರ್ದಿರೋದು ಮದಾಮ್. ಪ್ರೊಫೆಸರು ನೋಡಿ ನಗ್ಲಿ, ಗೋಪುರದ ಲೆಕ್ಕ ಕೆಲಸಕ್ಕೆ ಬಾರದ್ದು ಅನ್ಲಿ. ಈ ಕಬ್ಬಿಣದ ಪೀಡೆ ತೊಲಗ್ಲಿ."

ಅಷ್ಟರಲ್ಲಿ ಪ್ರೊಫೆಸರರೇ ಒಳಗೆ ಬಂದರು. ಎಪ್ಪತ್ತು ವರ್ಷ, ಊರುಗೋಲಿನಷ್ಟೇ ತೆಳ್ಳಗಿನ ಮನುಷ್ಯ. ಮೇಲೆ ಹೋಗಿ ಬಂದಿರಾ ಎಂದು ಕೇಳಿದರು. ಆಶಿಲ್ ಬಾಯಿ ತೆರೆಯುವ ಮೊದಲೇ, ಕಾಯಂ ಗಿರಾಕಿಯ ಕೆಲಸ ಹೋದೀತೆಂದು ಹೆದರಿದ ಪೆಲಾಜಿ ಮಧ್ಯೆ ಬಾಯಿ ಹಾಕಿದಳು.

"ಈಗ ತಾನೇ ಇಳಿದು ಬಂದು ಕೂತ್ರು, ಮೊಸ್ಯೂ. ಮೇಕೆ ಹತ್ತಿದ ಹಾಗೆ ಹತ್ತುತ್ತಾರೆ."

ಪ್ರೊಫೆಸರರು ಪುಸ್ತಕ ನೋಡಿದರು. ನಗಲಿಲ್ಲ. ಹುಬ್ಬು ಮಾತ್ರ ಮೇಲೇರಿತು. "ನಡೀರಿ, ನೋಡೇಬಿಡೋಣ" ಎಂದು ಆಶಿಲ್‌ನ ತೋಳು ಹಿಡಿದು ಎಬ್ಬಿಸಿದರು.

ಮುದುಕರು ಒಮ್ಮೆಯೂ ಕೂರಲಿಲ್ಲ, ಕೂರಲು ಬಿಡಲೂ ಇಲ್ಲ. ತುದಿ ತಲುಪಿದಾಗ ಮಂಜೆಲ್ಲ ಕಾಲ ಕೆಳಗಿತ್ತು. ಮೇಲೆ ಎಳೆಬಿಸಿಲು. ಉಷ್ಣಮಾಪಕ ನಾಲ್ಕೂವರೆ ತೋರಿಸುತ್ತಿತ್ತು. ಆಶಿಲ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಹಾಳಾದ್ದು ನಾಲ್ಕೂವರೆಯೇ.

ಪ್ರೊಫೆಸರರು ಅವನನ್ನು ತಬ್ಬಿಕೊಂಡರು. "ಬೆಚ್ಚಗಿನ ಗಾಳಿ ಊರಿನ ಮೇಲೆ ಮುಚ್ಚಳ ಹಾಕಿ ಕೂತಿದೆ. ಮಂಜು ಕದಲದೇ ಇರೋದು ಅದಕ್ಕೇ. ನೆಲದ ಮೇಲೆ ಕೂತ್ರೆ ಇದು ಗೊತ್ತಾಗ್ತಿತ್ತಾ? ಈ ಗೋಪುರ ಮುಟ್ಟೋಕೆ ನಾನು ಯಾರನ್ನೂ ಬಿಡಲ್ಲ. ಇನ್ಮೇಲೆ ದಿನಕ್ಕೆ ಮೂರು ಸಲ ಲೆಕ್ಕ ಬೇಕು."

ಕಂಬಿ ಹಿಡಿದು ನಡುಗುತ್ತಿದ್ದ ಆಶಿಲ್, ಈ ಕೆಲಸಕ್ಕೆ ಯಾರಾದರೂ ಗಟ್ಟಿಮುಟ್ಟಾದವರನ್ನು ಹಾಕಿಕೊಳ್ಳಬಹುದಲ್ಲ ಎಂದು ಗೊಣಗಿದ.

"ನಿಮಗಿಂತ ಗಟ್ಟಿಯವರನ್ನ ಎಲ್ಲಿಂದ ತರ್ಲಿ? ಇಷ್ಟೂ ಮೆಟ್ಟಿಲು ಹತ್ತಿ ಇಳಿದು ಕೂತಿದ್ರಿ, ಹಣೆ ಮೇಲೆ ಒಂದು ಹನಿ ಬೆವರಿರಲಿಲ್ಲ."